ಐದಕ್ಕೆ ಮೂರು

ನಮ್ಮೂರಿನಲ್ಲಿ ಆಳುವವರ ಮುದ್ರೆ ಬಿದ್ದ ಮಾತನ್ನು ಡಂಗುರ ಹೊಡೆದು ಮೂರು ಸಲ ಸಾರಿದರೆ ಅದು ಆಗಿಬಿಡುತ್ತದೆ. ಸಾರುತ್ತಿದ್ದವನು ನಾನು, ದ್ಯಾವಣ್ಣ. ನನಗಿಂತ ಮುಂಚೆ ನಮ್ಮಪ್ಪ, ಅವನಿಗಿಂತ ಮುಂಚೆ ಅವನಪ್ಪ. ಮೊದಲನೆಯ ಸಲ ಸಾರಿದಾಗ ಗಾಳಿಯಲ್ಲಿ ಒಂದು ವಾಸನೆ ಬರುತ್ತದೆ. ಎರಡನೆಯ ಸಲಕ್ಕೆ ಅರ್ಧ ಬಂದು ನಿಂತಿರುತ್ತದೆ. ಮೂರನೆಯ ಸಲಕ್ಕೆ ಕಣ್ಣೆದುರಿಗೇ ಇರುತ್ತದೆ. ಮುದ್ರೆಯಿಲ್ಲದ ಮಾತಿಗೆ ಈ ಗುಣವಿಲ್ಲ. ನಮ್ಮವ್ವ ಹಾಸಿಗೆ ಹಿಡಿದಾಗ ಅವಳ ಕಾಲ ಬಳಿ ಕೂತು ಬದುಕು ಬದುಕು ಎಂದು ಗಂಟಲು ಹರಿಯುವ ತನಕ ಸಾರಿದೆ, ಅವಳು ನಾಲ್ಕನೆಯ ದಿನಕ್ಕೆ ಹೋದಳು. ಆದರೂ ಜನಕ್ಕೆ ಒಳಗೊಳಗೇ ಅಳುಕು. ನನ್ನ ಹೆಂಡತಿ ಲಕ್ಕಮ್ಮ ಮನೆಯಲ್ಲಿ ನಾನು ಯಾವ ಮಾತನ್ನೂ ಮೂರನೆಯ ಸಲ ಹೇಳಲು ಬಿಡುವುದಿಲ್ಲ. ಊಟಕ್ಕೆ ಕೂತರೆ ಮುದ್ದೆಗೆ ಸಾರನ್ನೂ ಎರಡೇ ಸಲ ಬಿಡುತ್ತಾಳೆ. ಸಾರುವವನ ಮನೆಯ ಸಾರು ಅಂದರೆ ಹೀಗೇ ಎಂದು ನೆರೆಹೊರೆಯವರು ನಗುತ್ತಾರೆ.

ನಾನು ಕೋಲು ಹಿಡಿದಾಗ ನಮಗೊಬ್ಬ ದೊರೆ ಇದ್ದ. ಕಡಲಾಚೆ ಇದ್ದನಂತೆ. ಅವನ ಮುಖ ನಮ್ಮಲ್ಲಿ ಯಾರೂ ನೋಡಿರಲಿಲ್ಲ, ಅವನ ಕಾಗದ ಮಾತ್ರ ಹಡಗಿನಲ್ಲಿ ಬರುತ್ತಿತ್ತು. ಈ ಊರಿನ ಜನರಾದ ನೀವು ಇಂಥದ್ದು ಮಾಡತಕ್ಕದ್ದು, ಈ ಊರಿನ ಜನರಾದ ನೀವು ಇಂಥದ್ದು ಕೊಡತಕ್ಕದ್ದು ಎಂದು ನಾನು ಕೇರಿಕೇರಿಗೂ ಹೋಗಿ ಸಾರುತ್ತಿದ್ದೆ. ಕೊನೆಕೊನೆಗೆ ಅವನ ಮುದ್ರೆಯಿಲ್ಲದೆ ಒಂದು ಲಗ್ನಪತ್ರಿಕೆ ಬರೆಯುವ ಹಾಗಿರಲಿಲ್ಲ, ಹುಟ್ಟಿದ ಮಗುವಿನ ಜಾತಕ ಬರೆಯುವ ಹಾಗಿರಲಿಲ್ಲ. ಪ್ರತಿ ಕಾಗದದ ಮೂಲೆಗೂ ಅವನದೊಂದು ಕೆಂಪು ಚೀಟಿ ಅಂಟಿರಬೇಕು. ಜನ ಎಷ್ಟು ದಿನ ತಡೆದಾರು. ಒಂದು ದಿನ ಚೀಟಿಗಳ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದು ನೀರಿಗೆ ಎಸೆದರು. ಆಮೇಲೆ ಏಳು ವರ್ಷ ಹೊಡೆದಾಟ. ನನ್ನ ತಮ್ಮ ಸಣ್ಣೀರ ಅದರ ಐದನೆಯ ವರ್ಷ, ಹಿಮ ಬಿದ್ದ ಬಯಲಿನಲ್ಲಿ ಕಾಲಿಗೆ ಮೆಟ್ಟಿಲ್ಲದೆ ಸತ್ತ. ಅವನ ಹೆಣ ಹೊತ್ತು ತಂದವರು ಅವನ ಪಾದ ನನಗೆ ಕಾಣದ ಹಾಗೆ ಕಂಬಳಿ ಸುತ್ತಿದ್ದರು. ಆ ಕಂಬಳಿ ಬಿಚ್ಚಬಾರದಿತ್ತು, ಬಿಚ್ಚಿ ನೋಡಿದೆ.

ದೊರೆ ಹೋದ. ಹೋದ ಮೇಲೆ ನಮ್ಮ ಹದಿಮೂರು ಕೇರಿಗಳೂ ಹದಿಮೂರು ದಿಕ್ಕಾದವು. ಒಂದು ಕೇರಿಯ ಸೇರು ಇನ್ನೊಂದು ಕೇರಿಯಲ್ಲಿ ಸೇರಲ್ಲ. ಕುಂಬಾರ ಗಡಿಗೆ ಹೊತ್ತು ನಾಲ್ಕು ಕೇರಿ ದಾಟುವಷ್ಟರಲ್ಲಿ ಸುಂಕಕ್ಕೆಂದೇ ಅರ್ಧದಷ್ಟು ಗಡಿಗೆ ಇಳಿಸಬೇಕಾಗಿತ್ತು. ಒಂದು ಮದುವೆಯ ಗಾಡಿಯನ್ನು ಐದು ಕಡೆ ತಡೆದು, ಮದುಮಗಳು ಮುಹೂರ್ತ ಮೀರಿದ ಮೇಲೆ ಹಸೆಗೆ ಬಂದದ್ದೂ ಉಂಟು. ಹೀಗಾದರೆ ಕಡಲಾಚೆಯವನು ಮತ್ತೆ ಬಂದು ಕೂರುತ್ತಾನೆ ಎಂದು ಹೆದರಿ, ಎಲ್ಲ ಕೇರಿಯ ಹಿರಿಯರೂ ಹಳೆಯ ಹತ್ತಿ ಗೋದಾಮಿನೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಕಡು ಬೇಸಿಗೆ. ಒಳಗಿನ ಮಾತು ಹೊರಗೆ ಬೀಳಬಾರದೆಂದು ಕಿಟಕಿಗಳನ್ನೂ ಮುಚ್ಚಿದ್ದರು. ನಾಲ್ಕು ತಿಂಗಳು ಬೆಂದು ಹೊರಗೆ ಬಂದಾಗ ಅವರ ಕೈಯಲ್ಲಿ ನಾಲ್ಕು ಹಾಳೆಯ ಒಂದು ನಿಬಂಧನೆ ಇತ್ತು. ಬರೆದವರು ಸುಬ್ಬರಸಯ್ಯನವರು, ಮೂಡಣ ಕೇರಿಯವರು. ಒಣಕಲು ದೇಹ, ಮೆತ್ತನೆಯ ಮಾತು, ಒಂದು ಪದಕ್ಕೆ ಒಂದು ದಿನ ಕೂರುವ ಮನುಷ್ಯ. ಅವರನ್ನು ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ.

ಅದರ ಮೊದಲ ಸಾಲು 'ಈ ಊರಿನ ಜನರಾದ ನಾವು' ಎಂದು. ಚೌಕದಲ್ಲಿ ಊರಿಗೆ ಊರೇ ನೆರೆದಿತ್ತು. ನಾನು ಡಂಗುರ ಹೊಡೆದು, ಎದೆಯುಬ್ಬಿಸಿ, ಈ ಊರಿನ ಜನರಾದ ನೀವು ಎಂದೆ. ಇಪ್ಪತ್ತು ವರ್ಷದ ಅಭ್ಯಾಸ, ನಾಲಿಗೆ ತನ್ನ ಪಾಡಿಗೆ ತಾನು ಹಳೆಯ ದಾರಿ ಹಿಡಿದಿತ್ತು. ಜನ ಬಿದ್ದು ಬಿದ್ದು ನಕ್ಕರು. ಸುಬ್ಬರಸಯ್ಯನವರ ಮುಖ ಬೆಳ್ಳಗಾಯಿತು. ಎರಡನೆಯ ಸಲವೂ ನನ್ನ ಬಾಯಲ್ಲಿ ನೀ ಎಂದೇ ಹೊರಟಿತು, ತುಟಿ ಕಚ್ಚಿ ನಿಂತೆ. ಅವರು ಹತ್ತಿರ ಬಂದು ಕಿವಿಯಲ್ಲಿ, ದ್ಯಾವಣ್ಣ, ನಿನ್ನನ್ನೂ ಸೇರಿಸಿಕೊಂಡು ಹೇಳು, ತಾನಾಗಿ ಬರುತ್ತದೆ ಎಂದರು. ಮೊದಲಿನಿಂದ ಶುರು ಮಾಡಿದೆ. ನಾವು. ನಾವು. ನಾವು. ಮೂರನೆಯದು ಬಾಯಿಂದ ಬಿದ್ದದ್ದೇ ತಡ, ಚೌಕದಲ್ಲಿ ಕೂತವರೆಲ್ಲ ಯಾರೂ ಹೇಳದೆ ಎದ್ದು ನಿಂತರು. ಹುಟ್ಟಿದಾರಭ್ಯ ಬಗ್ಗಿ ನಡೆಯುತ್ತಿದ್ದ ಬಟ್ಟೆ ಒಗೆಯುವ ಮುದುಕ ಬೆನ್ನು ನೆಟ್ಟಗೆ ಮಾಡಿಕೊಂಡು ಸುತ್ತ ನೋಡಿದ. ನನಗೆ ಸಣ್ಣೀರನ ನೆನಪಾಗಿ ಡಂಗುರದ ಮೇಲೆ ಬಿದ್ದು ಅತ್ತೆ. ಆ ದಿನದ ಸುಖ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ, ಬರುವುದೂ ಇಲ್ಲ.

ಎಂಟು ವರ್ಷ ಚೆನ್ನಾಗಿಯೇ ನಡೆಯಿತು. ಹೊಡೆದಾಟದಲ್ಲಿ ನಮ್ಮನ್ನು ನಡೆಸಿದ ಚೆನ್ನಬೈರಯ್ಯನವರೇ ಹೊಸ ಸಭೆಯ ಮೊದಲ ಯಜಮಾನರಾಗಿದ್ದರು. ಬೇಕೆಂದರೆ ಸಾಯುವ ತನಕ ಅವರೇ ಇರಬಹುದಿತ್ತು, ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಎಂಟು ವರ್ಷ ತುಂಬಿದ ದಿನ ಎದ್ದು, ರುಮಾಲು ತೆಗೆದು ಕುರ್ಚಿಯ ಮೇಲಿಟ್ಟು, ಹೊಲ ಉಳಬೇಕು ಎಂದು ಹೊರಟೇಬಿಟ್ಟರು. ಬದುಕಿರುವ ದೊರೆಯೊಬ್ಬ ತಾನಾಗಿ ಮನೆಗೆ ಹೋಗುವುದನ್ನು ನಾವು ಕೇಳಿಯೂ ಇರಲಿಲ್ಲ. ಅವರು ಹೋದ ಮೇಲೆ ಊರಿಗೆ ಇನ್ನೊಂದು ಆಸೆ ಹತ್ತಿತು. ಜಾಗ ಸಾಲದು. ಮಕ್ಕಳು ಹೆಚ್ಚಾದರು, ದನ ಹೆಚ್ಚಾದವು. ಪಡುವಣಕ್ಕೆ ಬಟಾಬಯಲು. ಸಭೆ ಕೂತು, ಊರು ಪಡುವಣಕ್ಕೆ ಬೆಳೆಯತಕ್ಕದ್ದು ಎಂದು ನಿರ್ಣಯ ಮಾಡಿ ಮುದ್ರೆ ಒತ್ತಿತು.

ಒಂದು ಬೆಳಿಗ್ಗೆ ಪಡುವಣ ತುದಿಯಲ್ಲಿ ನಿಂತು ಸಾರಿದೆ. ಮೊದಲನೆಯದಕ್ಕೆ ಗಾಳಿಯಲ್ಲಿ ಒಲೆಯ ಹೊಗೆಯ ವಾಸನೆ ಬಂತು. ಎರಡನೆಯದಕ್ಕೆ ನಾಯಿ ಬೊಗಳಿದ್ದು ಕೇಳಿಸಿತು. ಆದರೂ ಮೂರನೆಯದನ್ನು ಹೇಳಿದೆ. ಎದುರಿಗೆ ಒಂದು ಇಡೀ ಕೇರಿ ನಿಂತಿತ್ತು. ನೂರಿಪ್ಪತ್ತು ಮನೆ, ಬಾವಿ, ಹಿತ್ತಿಲು, ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಒಳಗೆ ಜನ. ನಿರ್ಣಯದಲ್ಲಿ ಖಾಲಿ ಜಾಗ ಎಂದು ಬರೆಯಲು ಸುಬ್ಬರಸಯ್ಯನವರು ಮರೆತಿದ್ದರು. ಮೊದಲ ಮನೆಯ ಮುಂದೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದುಕೊಂಡೇ ನನ್ನನ್ನೂ ನನ್ನ ಹಿಂದಿದ್ದ ಊರನ್ನೂ ಕಣ್ಣರಳಿಸಿ ನೋಡಿದಳು.

"ನಿನ್ನೆಗಂಟ ಇಲ್ಲಿ ಬಯಲಿತ್ತು" ಎಂದಳು. "ನಿಮ್ಮೂರು ಯಾವಾಗ ಬಂತು?"

ಅವಳ ಹೆಸರು ಮಾಳಮ್ಮ. ಜನ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ. ತಿಂಗಳೊಪ್ಪತ್ತರಲ್ಲಿ ನಮ್ಮ ಹೆಂಗಸರು ಅರಿಸಿನಕ್ಕೆ ಹೊಸ ಕೇರಿಗೇ ಹೋಗತೊಡಗಿದರು. ಅವರ ಚಾಪೆಗಳು ನಮ್ಮ ಮನೆಗಳಿಗೆ ಬಂದವು, ನಮ್ಮ ನೇಗಿಲುಗಳು ಅವರ ಹೊಲಕ್ಕೆ ಹೋದವು. ಭಾಷೆ ಒಂದೇ, ಸ್ವಲ್ಪ ಎಳೆದು ಮಾತಾಡುತ್ತಿದ್ದರು ಅಷ್ಟೆ. ನಮ್ಮವರು ಅದನ್ನು ಅಣಕಿಸುತ್ತಿದ್ದರು, ಅವರು ನಮ್ಮ ಅವಸರವನ್ನು ಅಣಕಿಸುತ್ತಿದ್ದರು. ನಾನು ಆ ಕೇರಿಗೆ ಸಾರಲು ಹೋದಾಗಲೆಲ್ಲ ಮಾಳಮ್ಮನ ಜಗಲಿಯ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಬರುವುದು ರೂಢಿಯಾಯಿತು. ಅವಳ ಮನೆಯಲ್ಲಿ ಐದು ಜನ. ಅವಳು, ಗಂಡ ಕರಿಬೀರ, ಮಗ ಗಿರಿಯ, ಮಗಳು ತಿರುಮಿ, ಮತ್ತೆ ಅವಳ ಅತ್ತೆ. ಅತ್ತೆಯನ್ನು ಕೇರಿಯೆಲ್ಲ ಅಜ್ಜಿ ಎಂದೇ ಕರೆಯುತ್ತಿತ್ತು. ಎಂಬತ್ತು ದಾಟಿದ ಮುದುಕಿ, ಬಾಯಿ ಮಾತ್ರ ಹದಿನಾರರದ್ದು. ನಾನು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಬಂದನಪ್ಪಾ ಚರ್ಮ ಬಡಿಯೋನು, ಕೋಳಿಗಳನ್ನ ಒಳಗೆ ಅಟ್ರೇ, ಹೆದರಿ ಮೊಟ್ಟೆ ಇಡೋದು ನಿಲ್ಲಿಸ್ತಾವೆ ಎಂದು ಕೇರಿಗೇ ಕೇಳಿಸುವ ಹಾಗೆ ಕೂಗುತ್ತಿದ್ದಳು. ನನ್ನ ಹೊಟ್ಟೆ, ನನ್ನ ಮೀಸೆ, ನನ್ನ ಹೆಂಡತಿ ಬಿಡುವ ಎರಡು ಸೌಟು ಸಾರು, ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮವ್ವ ಹೋದ ಮೇಲೆ ನನ್ನನ್ನು ಹಾಗೆ ಬೈಯುವವರು ಯಾರೂ ಇರಲಿಲ್ಲ. ಬೈಸಿಕೊಳ್ಳುವುದಕ್ಕೆಂದೇ ಕೆಲವು ಸಲ ಕೆಲಸವಿಲ್ಲದೆಯೂ ಅತ್ತ ಹೋಗಿದ್ದೇನೆ.

ಒಂದು ಮಧ್ಯಾಹ್ನ ಮಾಳಮ್ಮ ಮೊರದಲ್ಲಿ ಹೆಸರುಕಾಳು ಕೇರುತ್ತ ಕೇಳಿದಳು. "ಅಣ್ಣಯ್ಯ, ನೀವು ಸಾರುವಾಗ ಈ ಊರಿನ ಜನರಾದ ನಾವು ಅಂತೀರಲ್ಲ. ಆ ನಾವು ಅನ್ನೋದ್ರಲ್ಲಿ ನಾವು ಇದೀವೋ, ಇಲ್ಲ ಅದು ಬರೀ ನೀವೋ?"

ನಾನು ನಕ್ಕುಬಿಟ್ಟೆ. ನಮ್ಮ ಮಾತಿನಲ್ಲಿ ಆ ಪದ ಎರಡಕ್ಕೂ ಆಗುತ್ತದೆ, ಕೇಳುವವರನ್ನು ಸೇರಿಸಿಕೊಂಡೂ ಹೇಳಬಹುದು, ಬಾಗಿಲ ಹೊರಗೆ ನಿಲ್ಲಿಸಿಯೂ ಹೇಳಬಹುದು. ಹೇಳಿದವನ ಮನಸ್ಸು ನೋಡಿ ತಿಳಿಯಬೇಕು. ನನಗೆ ಚೌಕದ ಆ ದಿನ ನೆನಪಾಯಿತು, ಎದ್ದು ನಿಂತ ಜನ ನೆನಪಾದರು.

"ಎಲ್ಲಾರೂ ಕಣಮ್ಮ" ಎಂದೆ. "ನೀವೂ ಸೇರಿ."

ಅವಳು ಮೊರ ಕೆಳಗಿಟ್ಟು, ಅಜ್ಜಿಯ ಕಡೆ ತಿರುಗಿ, ಕೇಳಿಸ್ತಾ ಅತ್ತೆ, ನಾವೂ ಅಂತೆ ಎಂದಳು. ಆ ಸಂಜೆಯೊಳಗೆ ಈ ಮಾತು ನೂರಿಪ್ಪತ್ತು ಮನೆಗೂ ಮುಟ್ಟಿತ್ತು. ಮುಂದಿನ ಸಭೆಗೆ ಹೊಸ ಕೇರಿಯವರು ಒಗೆದ ಬಟ್ಟೆ ಹಾಕಿಕೊಂಡು ಬಂದು, ಕೈಯೆತ್ತಲೆಂದು ಹಿಂದಿನ ಸಾಲಿನಲ್ಲಿ ಕೂತರು. ಸಭೆ ಅವರನ್ನು ನೋಡಿ ತಬ್ಬಿಬ್ಬಾಯಿತು.

ಆಮೇಲೆ ನಡೆದ ಜಗಳವನ್ನು ಚಿಕ್ಕದಾಗಿ ಹೇಳುತ್ತೇನೆ. ಸಭೆಯಲ್ಲಿ ಒಂದೊಂದು ಕೇರಿಗೆ ಕೂರಲು ಎಷ್ಟು ಮಣೆ ಎಂಬುದು ಆ ಕೇರಿಯ ತಲೆಗಳ ಲೆಕ್ಕದ ಮೇಲೆ. ಹೊಸ ಕೇರಿ ಪಡುವಣ ಕೇರಿಗೆ ಅಂಟಿಕೊಂಡಿತ್ತು. ಪಡುವಣ ಕೇರಿಯ ಹಿರಿಯರು, ಈ ಜನರನ್ನು ನಮ್ಮ ಎಣಿಕೆಗೆ ಸೇರಿಸಿ, ಆದರೆ ಕೈಯೆತ್ತುವುದು ಬೇಡ, ಅವರ ಪರವಾಗಿ ನಾವೇ ಎತ್ತುತ್ತೇವೆ ಎಂದರು. ಮೂಡಣದವರು ಉರಿದುಬಿದ್ದರು. ಕೈಯೆತ್ತದವರನ್ನು ಎಣಿಸುವುದಾದರೆ ನಮ್ಮ ದನಗಳನ್ನೂ ಎಣಿಸಿ ಎಂದರು. ಹಿಂದಿನ ಸಾಲಿನಲ್ಲಿ ಕೂತವರ ಎದುರಿಗೇ ಇದೆಲ್ಲ ನಡೆಯಿತು. ಅವರನ್ನೂ ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಡಂಗುರ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ ನನಗೂ ಹೊಳೆಯಲಿಲ್ಲ. ಊರು ಒಡೆಯುತ್ತದೆ ಎನ್ನುವ ತನಕ ಹೋಯಿತು. ಕೊನೆಗೆ ಸುಬ್ಬರಸಯ್ಯನವರು ಒಂದು ನಡುದಾರಿ ಹುಡುಕಿದರು. ಹೊಸ ಕೇರಿಯ ಐವರನ್ನು ಮೂವರೆಂದು ಎಣಿಸತಕ್ಕದ್ದು. ಎರಡು ಕಡೆಯವರೂ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದರು. ಮುದ್ರೆ ಬಿತ್ತು.

ನಾನು ಸುಬ್ಬರಸಯ್ಯನವರ ಮನೆಗೆ ಹೋಗಿ, ಇದನ್ನು ಸಾರಿದರೆ ಆಗಿಬಿಡುತ್ತದಲ್ಲ ಸ್ವಾಮಿ, ಐವರು ಮೂವರಾದರೆ ಮಿಕ್ಕಿದ ಇಬ್ಬರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ. ಅವರು, ಇದು ಬರಿಯ ಎಣಿಕೆಯ ಮಾತು, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದರು. ಅದರಲ್ಲಿ ತಮಗೇ ಪೂರ್ತಿ ನಂಬಿಕೆಯಿಲ್ಲವೆಂದು ಅವರ ಕಣ್ಣು ಹೇಳುತ್ತಿತ್ತು. ಇದು ಆಗದಿದ್ದರೆ ಮೂಡಣದ ಆರು ಕೇರಿಗಳು ನಾಳೆಯೇ ಬೇರೆಯಾಗುತ್ತವೆ, ದೊರೆಯ ಹಡಗು ಇನ್ನೂ ಕಡಲಲ್ಲೇ ಇದೆ ಎಂದರು. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದರು.

"ಊರು ಒಡೆದರೆ ಸಣ್ಣೀರ ಸತ್ತದ್ದು ಯಾತಕ್ಕೆ, ದ್ಯಾವಣ್ಣ?"

ಆ ಹೆಸರು ಎತ್ತಬಾರದಿತ್ತು. ಎತ್ತಿದರೆ ನಾನು ಏನು ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

ಮರುದಿನ ಹೊತ್ತು ಮಾರುದ್ದ ಏರುವಷ್ಟರಲ್ಲಿ ಹೊಸ ಕೇರಿಯ ಬಾವಿಯ ಬಳಿ ನಿಂತೆ. ಸುಬ್ಬರಸಯ್ಯನವರೂ ಪಡುವಣ ಕೇರಿಯ ಇಬ್ಬರು ಹಿರಿಯರೂ ಜೊತೆಗಿದ್ದರು. ಅಜ್ಜಿ ಎಂದಿನಂತೆ ಕೋಳಿಗಳನ್ನು ಎಚ್ಚರಿಸಿದಳು, ಕೇರಿಯವರು ನಗುತ್ತ ಬಂದು ನೆರೆದರು. ಡಂಗುರ ಹೊಡೆದೆ. ಹೊಸ ಕೇರಿಯ ಐವರನ್ನು ಮೂವರೆಂದು ಎಣಿಸತಕ್ಕದ್ದು. ಒಂದು ಸಲ. ಗಾಳಿಯಲ್ಲಿ ನೀರು ಹೊಯ್ದ ಕೆಂಡದ ವಾಸನೆ ಬಂತು. ನಗು ನಿಂತಿತು. ಯಾರೂ ಕಿರುಚಲಿಲ್ಲ, ಯಾರೂ ಕಲ್ಲೆತ್ತಲಿಲ್ಲ. ಮಾಳಮ್ಮ ಒಳಗೆ ಹೋಗಿ ಮನೆಯವರನ್ನೆಲ್ಲ ಕರೆತಂದಳು. ಅಜ್ಜಿಯನ್ನು ಕೈಹಿಡಿದು ನಿಲ್ಲಿಸಿದಳು, ಅವಳ ಪಕ್ಕ ಕರಿಬೀರ, ಗಿರಿಯ, ತಿರುಮಿ. ಕೊನೆಗೆ ತಾನೂ ಸಾಲಿನಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು.

"ನಮ್ಮನೇಲಿ ಐದು ಜನ" ಎಂದಳು. "ಯಾವ ಮೂವರು ಅಂತ ತೋರ್ಸಿ ಅಣ್ಣಯ್ಯ."

ನಾನು ಸುಬ್ಬರಸಯ್ಯನವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅದನ್ನು ಹೇಳುವುದು ಡಂಗುರದವನ ಕೆಲಸವಲ್ಲ, ನೀನು ಸಾರು ಎಂದು ಹಿರಿಯರಲ್ಲೊಬ್ಬರು ಗದರಿದರು. ನನಗೆ ಕಂಬಳಿಯೊಳಗಿನ ಆ ಪಾದಗಳು ಕಂಡವು. ಹದಿಮೂರು ಕೇರಿಗಳು ಕಂಡವು. ಎದುರಿಗಿದ್ದ ಐದು ಮುಖ ಮಾತ್ರ ಕಾಣಬಾರದೆಂದು ಕಣ್ಣು ಮುಚ್ಚಿಕೊಂಡೆ. ಮುಚ್ಚಿಕೊಂಡೇ ಎರಡನೆಯ ಸಲ ಸಾರಿದೆ.

ಕಣ್ಣು ತೆರೆದಾಗ ಐವರೂ ಇದ್ದರು. ಅಬ್ಬಾ ಎಂದುಕೊಂಡೆ. ಆಮೇಲೆ ಅಜ್ಜಿಯ ಬಾಯಿ ಆಡುತ್ತಿರುವುದು ಕಂಡಿತು. ನನ್ನ ಕಡೆಗೇ ಕೈ ಮಾಡಿ, ಕತ್ತಿನ ನರ ಉಬ್ಬುವ ಹಾಗೆ ಕೂಗುತ್ತಿದ್ದಳು. ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ. ತಿರುಮಿ ಅವಳನ್ನು ಅಪ್ಪಿಕೊಂಡು ಅಳುತ್ತಿದ್ದಳು, ಅದೂ ಕೇಳಿಸಲಿಲ್ಲ. ಕೇರಿಯ ಉದ್ದಕ್ಕೂ ಮನೆಮನೆಯ ಮುಂದೆ ಹೀಗೆಯೇ ಕೆಲವರ ಬಾಯಿ ಆಡುತ್ತಿತ್ತು, ದನಿಯಿರಲಿಲ್ಲ. ಅವರ ಕೇರಿಯವರಿಗೆ ಅವರ ಮಾತು ಕೇಳುತ್ತಿತ್ತು. ಮಾಳಮ್ಮ ಅಜ್ಜಿಗೆ ಉತ್ತರ ಕೊಡುತ್ತಿದ್ದಳು, ಸಮಾಧಾನ ಮಾಡುತ್ತಿದ್ದಳು. ಕೇಳದೆ ಹೋದದ್ದು ನಮಗೆ, ಹದಿಮೂರು ಕೇರಿಯವರಿಗೆ. ಮೂರನೆಯ ಸಲಕ್ಕೆ ಏನಾಗುತ್ತದೆಂದು ನನಗೆ ಆಗ ಅರ್ಥವಾಯಿತು.

ಕೋಲು ಕೆಳಗಿಟ್ಟೆ. ಸಾರು ಎಂದು ಹಿರಿಯರು ಹೇಳಿದರು, ಬೈದರು, ಆಮೇಲೆ ಬೇಡಿಕೊಂಡರು. ನಾನು ಬಾವಿಕಟ್ಟೆಯ ಮೇಲೆ ಕೂತು, ಕೊರಳಿನಿಂದ ಡಂಗುರ ಇಳಿಸಿ ಅವರ ಮುಂದಿಟ್ಟೆ. ಒಂದು ಬಾಯಿ ಶುರು ಮಾಡಿದ್ದನ್ನು ಅದೇ ಬಾಯಿ ಮುಗಿಸಬೇಕು, ಬೇರೆಯವರು ಮುಗಿಸುವಂತಿಲ್ಲ. ಮುಗಿಯದ್ದನ್ನು ಹಿಂತೆಗೆಯಬೇಕಾದರೆ ಸಭೆಯೇ ಮತ್ತೆ ಕೂತು ಬೇರೆ ನಿರ್ಣಯ ಮಾಡಬೇಕು. ಸುಬ್ಬರಸಯ್ಯನವರು ಡಂಗುರ ಎತ್ತಿಕೊಂಡು ಹೋದರು.

ನಮ್ಮ ಕೇರಿಯಲ್ಲಿ ನಾನು ದೊಡ್ಡ ಮನುಷ್ಯನಾದೆ. ಸಭೆಗೇ ಎದುರು ನಿಂತವನು, ಹೊಸ ಕೇರಿಯ ಜೀವ ಉಳಿಸಿದವನು ಎಂದು ಜನ ಬಂದು ಮಾತಾಡಿಸಿ ಹೋದರು. ಲಕ್ಕಮ್ಮ ನನ್ನ ತಟ್ಟೆಗೆ ತುಪ್ಪ ಬಿಟ್ಟಳು. ನನಗೂ ಒಳಗೊಳಗೆ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ. ಸಭೆಯವರು ನಾನು ಅಂಜಿದಷ್ಟು ಕೋಪ ಮಾಡಿಕೊಳ್ಳಲಿಲ್ಲ. ಅರ್ಧ ಆದದ್ದೇ ಅವರಿಗೆ ಅನುಕೂಲವಾಗಿತ್ತು. ಕಾಗದದಲ್ಲಿ ಐವರು ಮೂವರಾಗಿಯೇ ಉಳಿದರು, ಮೂಡಣದವರು ಬೇರೆಯಾಗಲಿಲ್ಲ, ಊರು ಒಡೆಯಲಿಲ್ಲ. ಹೊಸ ಕೇರಿಯಿಂದ ಸಭೆಗೆ ಬಂದವರಲ್ಲಿ ಮಾತು ಕೇಳಿಸುವವರನ್ನು ಬಾಗಿಲಲ್ಲೇ ತಡೆದರು, ಕೇಳಿಸದವರನ್ನು ತಡೆಯುವ ಅಗತ್ಯವೇ ಬೀಳಲಿಲ್ಲ. ಸಂತೆಯಲ್ಲಿ ಅಜ್ಜಿ ಉಪ್ಪು ಕೇಳಿದರೆ ಅಂಗಡಿಯವನು ಆಚೆ ನೋಡುತ್ತಾನೆ, ಮಾಳಮ್ಮ ಪಕ್ಕದಲ್ಲಿದ್ದು ಅದೇ ಮಾತನ್ನು ಮತ್ತೆ ಹೇಳಬೇಕು. ಇದಕ್ಕೂ ಎಲ್ಲರೂ ಒಗ್ಗಿಕೊಂಡರು. ಬೇರೆ ನಿರ್ಣಯಕ್ಕೆಂದು ಸಭೆ ಇವತ್ತಿಗೂ ಕೂತಿಲ್ಲ.

ಎರಡು ತಿಂಗಳು ನಾನು ಅತ್ತ ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬರಿಗೈಯಲ್ಲಿ ಹೊರಟೆ. ಕೊರಳಲ್ಲಿ ಡಂಗುರವಿಲ್ಲದೆ ನಡೆಯುವುದು ಬತ್ತಲೆ ನಡೆದ ಹಾಗಿತ್ತು. ಮಾಳಮ್ಮ ಕೂರಲು ಹೇಳಿದಳು, ಮಜ್ಜಿಗೆ ತಂದುಕೊಟ್ಟಳು. ತಿರುಮಿ ಗೋಡೆಗೊರಗಿ ಚಾಪೆ ಹೆಣೆಯುತ್ತಿದ್ದಳು. ಅಜ್ಜಿ ನನ್ನೆದುರಿಗೇ ಕೂತಿದ್ದಳು. ಅವರಾಗಿ ಆ ದಿನದ ಮಾತು ಎತ್ತುತ್ತಾರೆಂದು ಲೋಟ ಮುಗಿಯುವ ತನಕ ಕಾದೆ. ಆಮೇಲೆ ತಡೆಯಲಾರದೆ ನಾನೇ ಬಾಯಿ ಬಿಟ್ಟೆ.

"ಮೂರನೇದು ನಾನು ಹೇಳ್ಲಿಲ್ಲ ಕಣಮ್ಮ."

"ಹೂಂ ಅಣ್ಣಯ್ಯ" ಎಂದಳು ಮಾಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ಹೇಳಿದ್ರಿ."

ಅಷ್ಟರಲ್ಲಿ ಅಜ್ಜಿ ಮುಂದಕ್ಕೆ ಬಾಗಿ, ನನ್ನ ಮೊಣಕಾಲಿನ ಮೇಲೆ ಕೈಯೂರಿ, ನನ್ನ ಮುಖಕ್ಕೆ ಮುಖ ಕೊಟ್ಟು ಏನೋ ಹೇಳಿದಳು. ಉದ್ದವಾಗಿಯೇ ಹೇಳಿದಳು. ತಿರುಮಿಯ ಕೈ ಚಾಪೆಯ ಮೇಲೆ ನಿಂತಿತು. ಬೈದಳೋ, ಶಾಪ ಹಾಕಿದಳೋ, ನನ್ನ ಹೊಟ್ಟೆಯನ್ನು ಆಡಿಕೊಂಡಳೋ, ಆ ಸುಕ್ಕಿನ ಮುಖ ನೋಡಿ ತಿಳಿಯುವ ಹಾಗಿರಲಿಲ್ಲ. ಅಜ್ಜಿ ಏನಂದರು ಎಂದು ಮಾಳಮ್ಮನನ್ನು ಕೇಳಿದೆ.

ಅವಳು ಖಾಲಿ ಲೋಟ ಎತ್ತಿಕೊಂಡಳು. "ನಿಮಗೆ ಹೇಳಿದ್ದು ಅಣ್ಣಯ್ಯ. ನೀವೇ ಕೇಳಿಸ್ಕೊಳಿ."

ನಾನು ಬಗ್ಗಿ ಅಜ್ಜಿಯ ಬಾಯಿಗೆ ಕಿವಿ ಕೊಟ್ಟೆ. ಅವಳು ಮತ್ತೆ ಹೇಳಿದಳು. ಉಸಿರು ಬೆಚ್ಚಗೆ ಕಿವಿಗೆ ತಾಗಿತು. ಬೇರೇನೂ ಕೇಳಿಸಲಿಲ್ಲ.